ಮೋರಿಸ್ ಮೈನರ್‌ಗೆ ಆಗುತ್ತದೆ ಎಂದು ಮಾರುವ ಅಲಾಯ್ ರಿಮ್‌ಗಳು: ದಯವಿಟ್ಟು ಎಚ್ಚರ

ಹಳೆಯ ಮೋರಿಸ್ ಮೈನರ್ ಕಾರು ಇಟ್ಟುಕೊಂಡಿರುವವರು ಇದನ್ನು ಪೂರ್ತಿ ಓದಿ. ಇವತ್ತಿನ ಕಾರುಗಳ 4 ನಟ್ಟಿನ, 14 ಇಂಚಿನ ರಿಮ್ ಮೈನರ್‌ಗೂ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಿಮ್ ಸ್ಟಡ್‌ಗಳ (ನಟ್ಟು ಕೂರಲು ಗಾಡಿಯಿಂದ ಹೊರಚಾಚಿರುವ ಬೋಲ್ಟ್‌ಗಳು) ಮೇಲೆ ಕೂರುತ್ತದೆ, ನಟ್ಟು ಬಿಗಿಯಾಗುತ್ತದೆ, ಗಾಡಿ ಓಡುತ್ತದೆ. ಆದರೂ ಅದು ಆ ಗಾಡಿಯ ರಿಮ್ ಅಲ್ಲ. ನಮ್ಮ ಗಾಡಿಯ ಮುಂದಿನ ಚಕ್ರ ಮೈಸೂರು ರಸ್ತೆಯಲ್ಲಿ ಕಳಚಿ ಬೀಳುವುದರಲ್ಲಿತ್ತು. ಹಿಂದಿನ ಸೀಟಿನಲ್ಲಿ ನನ್ನ ತಂಗಿ, ಅವಳ ಮಕ್ಕಳು ಇದ್ದರು.

ನಮ್ಮದು ಅಪ್ಪನ ಕಾಲದ ಮೈನರ್ 1000, 948 ಸಿಸಿಯದು. ಅದರ ಕಬ್ಬಿಣದ ರಿಮ್‌ಗಳಲ್ಲಿ ಟೈರಿನ ಅಂಚು ಕೂರುವ ಜಾಗವನ್ನು ತುಕ್ಕು ತಿಂದಿತ್ತು. ಒಂದರಲ್ಲಂತೂ ನಟ್ಟಿನ ತೂತಿನ ಪಕ್ಕ ಸಣ್ಣ ಬಿರುಕು. ತೂತಿನ ಹತ್ತಿರ ಬಿರುಕು ಬಿಟ್ಟ ರಿಮ್ಮನ್ನು ವೆಲ್ಡಿಂಗ್ ಮಾಡಿಸಿ ಓಡಿಸುವ ಹಾಗಿಲ್ಲ. ಬೇರೆ ರಿಮ್ ಹುಡುಕಲೇಬೇಕಿತ್ತು.

ಬೆಂಗಳೂರಿನಲ್ಲಿ ಅಲಾಯ್, ಅಂದರೆ ಮಿಶ್ರಲೋಹದ ರಿಮ್ ಮಾರುವ ಅಂಗಡಿಯೊಂದಕ್ಕೆ ಗಾಡಿಯನ್ನೇ ತೆಗೆದುಕೊಂಡು ಹೋದೆವು. ಅಂಗಡಿಯವರು ಒಂದು ರಿಮ್ ತಂದು ಸ್ಟಡ್‌ಗೆ ಹಾಕಿ ತೋರಿಸಿದರು. "ನೋಡಿ ಸಾರ್, ಎಷ್ಟು ಸಲೀಸಾಗಿ ಕೂತ್ಕೊಂಡ್ತು. ನಾಲ್ಕು ನಟ್ಟಿನ ಗಾಡಿಗೆಲ್ಲ ಇದೇ ಹಾಕೋದು" ಅಂದರು. ಮೈನರ್‌ಗೆ ಸರಿಯಾದ ಅಳತೆಯೇ ತಾನೇ ಎಂದು ಅಪ್ಪ ಬಿಡಿಸಿ ಕೇಳಿದರು. ಹೌದು ಅಂದರು. ಹಾಗೆ ಸಲೀಸಾಗಿ ಕೂರುವುದೇ ಇಲ್ಲಿ ಮೋಸ.

ಎದುರುಬದುರು ಇರುವ ಎರಡು ಸ್ಟಡ್‌ಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದರೆ ಬರುವುದು ಪಿಸಿಡಿ. ಮೈನರ್‌ನದು 4 ಇಂಚು, ಅಂದರೆ 101.6 ಮಿ.ಮೀ. ಸ್ವಿಫ್ಟ್, ಹೋಂಡಾ ಸಿಟಿಯಂಥ ಕಾರುಗಳದ್ದು 100 ಮಿ.ಮೀ. ಬರೀ 1.6 ಮಿ.ಮೀ. ವ್ಯತ್ಯಾಸ. ಟೇಪ್ ಹಿಡಿದರೆ ಗೊತ್ತೇ ಆಗುವುದಿಲ್ಲ. ಇನ್ನೊಂದು ವಿಷಯ ಈ ವ್ಯತ್ಯಾಸವನ್ನು ಮುಚ್ಚಿಡುತ್ತದೆ. ಮೈನರ್‌ನ ಸ್ಟಡ್ 3/8 ಇಂಚು, ಅಂದರೆ ಸುಮಾರು 9.5 ಮಿ.ಮೀ. ದಪ್ಪ. ಹೊಸ ರಿಮ್‌ನ ತೂತು ಮಾಡಿರುವುದು 12 ಮಿ.ಮೀ. ಸ್ಟಡ್‌ಗೆ. ದೊಡ್ಡ ತೂತಿನಲ್ಲಿ ತೆಳು ಸ್ಟಡ್ ಸುಲಭವಾಗಿ ತೂರುತ್ತದೆ, ಅಲ್ವಾ? ಆದರೆ ರಿಮ್ಮನ್ನು ನಡುಮಧ್ಯಕ್ಕೆ ತಂದು ಹಿಡಿಯಬೇಕಾದದ್ದು ನಟ್ಟಿನ ಓರೆ ಮುಖ. ಪ್ರತಿ ಸ್ಟಡ್ಡೂ ತೂತಿನ ನಡುವಿನಿಂದ 0.8 ಮಿ.ಮೀ. ಹೊರಗೆ ಇರುವುದರಿಂದ ನಟ್ಟು ತೂತಿನ ಹೊರಬದಿಗೆ ಮಾತ್ರ ಒತ್ತಿ ನಿಲ್ಲುತ್ತದೆ. ಬಿಗಿ ಮಾಡಿದಷ್ಟೂ ಸ್ಟಡ್ ಬಾಗುತ್ತದೆ. ಚಕ್ರ ತಿರುಗಿದಷ್ಟೂ ನಟ್ಟು ಸಡಿಲಾಗುತ್ತದೆ.

ಅದು ಸಾಲದು ಎಂಬಂತೆ ಅಲಾಯ್ ರಿಮ್‌ನ ದಪ್ಪ ಬೇರೆ. ಮೈನರ್‌ನ ಸ್ಟಡ್‌ಗಳ ಉದ್ದ ತೆಳುವಾದ ಕಬ್ಬಿಣದ ರಿಮ್‌ಗೆ ಲೆಕ್ಕ ಹಾಕಿ ಇಟ್ಟದ್ದು. ದಪ್ಪ ಅಲಾಯ್ ಹಾಕಿದರೆ ನಟ್ಟಿಗೆ ಸಿಗುವುದು ನಾಲ್ಕಾರು ಸುತ್ತು ಮರೆ (ಥ್ರೆಡ್) ಅಷ್ಟೇ. ನಮ್ಮ ಗಾಡಿಯಲ್ಲಿ ಟೈರಿನ ಒಳಬದಿ ಉಜ್ಜುತ್ತಿದೆ ಎಂದು ಹೇಳಿದಾಗ ಅಂಗಡಿಯವರು ರಿಮ್‌ನ ಹಿಂದೆ ಸ್ಪೇಸರ್ ಎಂಬ ಬಿಲ್ಲೆ ತೂರಿಸಿ ಕಳಿಸಿದರು. ಹಾಗಾಗಿ ಆ ನಾಲ್ಕಾರು ಸುತ್ತೂ ಪೂರ್ತಿ ಉಳಿಯಲಿಲ್ಲ.

ಮೊದಲು ಸ್ಟೇರಿಂಗ್ ಸಣ್ಣಗೆ ನಡುಗಲು ಶುರುವಾಯಿತು. ಬ್ಯಾಲೆನ್ಸಿಂಗ್ ಸರಿಯಿಲ್ಲ, ಆಮೇಲೆ ಮಾಡಿಕೊಡುತ್ತೇವೆ ಎಂದು ಅಂಗಡಿಯವರು ಸಾಗಹಾಕಿದರು. ರಾಮನಗರ ದಾಟಿದ ಮೇಲೆ ಎಡಗಡೆ ಮುಂಭಾಗದಿಂದ ಟಕ್ ಟಕ್ ಸದ್ದು. ನಿಲ್ಲಿಸಿ ನೋಡಿದರೆ ಎರಡು ನಟ್ಟು ಬೆರಳಲ್ಲೇ ತಿರುಗುತ್ತಿದ್ದವು. ಮೂರನೆಯದಕ್ಕೆ ಸ್ಪ್ಯಾನರ್ ಹಾಕಿದ ತಕ್ಷಣ ಸ್ಟಡ್ಡೇ ಮುರಿದು ಕೈಗೆ ಬಂತು. ತಂಗಿಯನ್ನೂ ಮಕ್ಕಳನ್ನೂ ಬಸ್ಸು ಹತ್ತಿಸಿ, ಗಾಡಿಯನ್ನು ಟೋ ಮಾಡಿಸಿದೆವು. ಅವತ್ತಿನ ಭಯ ಇನ್ನೂ ಹೋಗಿಲ್ಲ. ಅದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಮೈಸೂರಿನ ಹಳೆಯ ಮೇಸ್ತ್ರಿಯೊಬ್ಬರು ರಿಮ್ ಬಿಚ್ಚಿ, ತೂತುಗಳ ಒಳಗೆ ಟಾರ್ಚ್ ಬಿಟ್ಟು ತೋರಿಸಿದರು. ಹೊರಬದಿಗೆ ಅರ ಹಾಕಿ ತೂತನ್ನು ಎಳೆದಿದ್ದರು. ಅದರ ಮೇಲೆ ಬೆಳ್ಳಿ ಬಣ್ಣದ ಪೇಂಟ್. ಅಂದರೆ ಅಳತೆ ಹೊಂದುವುದಿಲ್ಲ ಎಂದು ಅಂಗಡಿಯವರಿಗೆ ಚೆನ್ನಾಗಿಯೇ ಗೊತ್ತಿತ್ತು. ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ, ಇದಕ್ಕೆ.

ಹಾಗಾದರೆ ಯಾವುದು ಆಗುತ್ತದೆ? ಮೈನರ್‌ನ ಸ್ವಂತ ರಿಮ್, ಬಿಟ್ಟರೆ ಅದಕ್ಕೆಂದೇ 4 ಇಂಚಿನ ಪಿಸಿಡಿಯಲ್ಲಿ ಮಾಡಿದ ಹೊಸ ರಿಮ್. ಬ್ರಿಟನ್ನಿನಲ್ಲಿ ಈ ಗಾಡಿಯ ಸಾಮಾನು ಈಗಲೂ ತಯಾರಾಗುತ್ತದೆ. ತರಿಸಲು ಖರ್ಚು ಜಾಸ್ತಿ, ಆದರೂ ಅದೇ ಸರಿ. ಎಂಜಿ ಮಿಜೆಟ್ ಎಂಬ ಹಳೆಯ ಬ್ರಿಟಿಷ್ ಕಾರಿನ ಕಬ್ಬಿಣದ ರಿಮ್‌ಗೂ ಇದೇ ಪಿಸಿಡಿ. ಆದರೆ ಅದು 13 ಇಂಚಿನದು, ಗಾಡಿ ಸ್ವಲ್ಪ ತಗ್ಗುತ್ತದೆ. ಹಳೆಯ ಮಿನಿಗೂ ಇದೇ ಪಿಸಿಡಿ ಇದ್ದರೂ ಮೊದಲಿನ ಮಿನಿಗಳ ರಿಮ್ 10 ಇಂಚು, ಅದು ಲೆಕ್ಕಕ್ಕಿಲ್ಲ. ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ 4 ನಟ್ಟಿನ ಬ್ರಿಟಿಷ್ ಗಾಡಿಯೇ, ಆದರೆ ಅದರ ಪಿಸಿಡಿ 95.25 ಮಿ.ಮೀ. ಅಂಬಾಸಿಡರ್‌ಗಂತೂ 5 ನಟ್ಟು. ಪದ್ಮಿನಿಗೂ ಮೈನರ್‌ಗೂ 5.20-14 ಟೈರ್ ನಡೆಯುತ್ತದೆ, ಹಾಗಾಗಿ ರಿಮ್ಮೂ ನಡೆಯುತ್ತದೆ ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಟೈರ್ ಬೇರೆ ಮಾತು, ನಟ್ಟಿನ ಅಳತೆ ಬೇರೆ ಮಾತು.

ರಿಮ್ ಕೊಳ್ಳುವಾಗ ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಜೊತೆಗಿರಲಿ. ಒಂದು ತೂತಿನ ಎಡ ಅಂಚಿನಿಂದ ಎದುರಿನ ತೂತಿನ ಎಡ ಅಂಚಿಗೆ, ನಡುವಿನ ಮೇಲೇ ಹಾದುಹೋಗುವಂತೆ ಅಳೆಯಿರಿ. 101.6 ಬರಬೇಕು. ಆಮೇಲೆ ಚಕ್ರವನ್ನು ನೆಲದಿಂದ ಎತ್ತಿ, ನಾಲ್ಕೂ ನಟ್ಟನ್ನು ಬರಿಗೈಯಲ್ಲಿ ಕೊನೆಯವರೆಗೂ ತಿರುಗಿಸಿ. ಒಂದು ಹಿಡಿದುಕೊಂಡರೂ ಆ ರಿಮ್ ಬೇಡ. ಅಂಗಡಿಯವರು ನಟ್ಟು ಬಿಗಿಯುವ ಏರ್ ಗನ್ ತಂದರೆ ತಡೆಯಿರಿ. ಗನ್ ಹೊಡೆದರೆ ಇಂಥ ತಪ್ಪೆಲ್ಲ ಮುಚ್ಚಿಹೋಗುತ್ತದೆ. 3/8 ಇಂಚಿನ ಹಳೆಯ ಸ್ಟಡ್ ಅಷ್ಟು ಏಟು ತಡೆಯುವುದೂ ಇಲ್ಲ.

ಇನ್ನೂ ಅನುಮಾನ ಇದ್ದರೆ ನಟ್ಟಿನ ಓರೆ ಮುಖಕ್ಕೆ ಮಾರ್ಕರ್ ಬಳಿದು, ಬಿಗಿ ಮಾಡಿ, ಬಿಚ್ಚಿ ನೋಡಿ. ಸುತ್ತಲೂ ಬಣ್ಣ ಅಳಿಸಿರಬೇಕು. ಅರ್ಧ ಮಾತ್ರ ಅಳಿಸಿದ್ದರೆ ನಟ್ಟು ಸರಿಯಾಗಿ ಕೂತಿಲ್ಲ. ನಟ್ಟು ಎಷ್ಟು ಸುತ್ತು ಹೋಗುತ್ತದೆ ಎಂದೂ ಎಣಿಸಿ. ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದದ ಮರೆಯನ್ನಾದರೂ ನಟ್ಟು ಹಿಡಿದಿರಬೇಕು.

ಬಿಲ್ಲಿನಲ್ಲಿ ಗಾಡಿಯ ಹೆಸರು, ಪಿಸಿಡಿ ಎರಡನ್ನೂ ಬರೆಸಿಕೊಳ್ಳಿ. ನಮಗೆ ಕೊಟ್ಟ ಬಿಲ್ಲಿನಲ್ಲಿ 14 ಇಂಚು ಅಲಾಯ್ ಎಂದಷ್ಟೇ ಇತ್ತು. ಅದನ್ನೇ ಹಿಡಿದುಕೊಂಡು ದುಡ್ಡು ವಾಪಸ್ ಕೊಡುವುದಿಲ್ಲ ಎಂದರು.

ಅಲ್ಲಿ ಅಂಥದ್ದೇ ರಿಮ್‌ಗಳು ಇನ್ನೂ ಇವೆ. ನಾವು ಜಗಳ ಆಡಲು ಹೋದ ದಿನವೂ ಗೋಡೆಗೆ ನೇತುಹಾಕಿದ್ದರು. ಬೆಳ್ಳಿ ಬಣ್ಣ, 8 ಕಡ್ಡಿಯ ವಿನ್ಯಾಸ, ನೋಡಲು ಚೆಂದವಾಗಿವೆ. ಹಳೆಯ ಗಾಡಿಗೆಂದೇ ಮಾಡಿಸಿದ್ದು ಎಂದು ಯಾರಾದರೂ ಇಂಥದ್ದನ್ನು ತೋರಿಸಿದರೆ ಮೊದಲು ನಟ್ಟಿನ ತೂತಿನೊಳಗೆ ಬೆರಳು ಹಾಕಿ ನೋಡಿ. ಹೊರಬದಿಯಲ್ಲಿ ಅರದ ಗೀರು ಸಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ.