ಆನೆಗೊಂದಿಯಿಂದ ದೇವರಾಯನ ಒಡ್ಡೋಲಗಕ್ಕೆ: ಒಂದು ಗೈಡ್ ಸೇವೆಯ ವಿಮರ್ಶೆ

ಹಂಪಿ ತೋರಿಸುವ ಗೈಡ್‌ಗಳಲ್ಲಿ ಹೆಚ್ಚಿನವರು ಕಲ್ಲಿನ ರಥದಿಂದ ಸಾಸಿವೆಕಾಳು ಗಣಪನವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ಆನೆಗೊಂದಿಯ ಒಬ್ಬ ಮಾರ್ಗದರ್ಶಿ ಮಾತ್ರ ತಮ್ಮ ಅರ್ಧ ದಿನದ ನಡಿಗೆಯನ್ನು ಒಂದೇ ಒಂದು ಭೇಟಿಗೆ ಮೀಸಲಿಟ್ಟಿದ್ದಾರೆ. ಈಗಿನ ಅಫ್ಘಾನಿಸ್ತಾನದಲ್ಲಿರುವ ಹೆರಾತಿನ ತೈಮೂರ್ ವಂಶದ ದೊರೆ ಶಾಹ್‌ರುಖ್ ಕಳುಹಿಸಿದ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದು ಅಲ್ಲಿಯ ಅರಸ ಇಮ್ಮಡಿ ದೇವರಾಯನನ್ನು ಮೊದಲ ಸಲ ಕಂಡದ್ದೇ ಆ ಭೇಟಿ. ಹೆಸರು, ಫೋನ್ ನಂಬರ್ ಹಾಕುವುದು ಬೇಡ, ಊರಲ್ಲಿ ಕೇಳಿದರೆ ಯಾರಾದರೂ ಮನೆ ತೋರಿಸುತ್ತಾರೆ ಎಂದು ಅವರೇ ಹೇಳಿದ್ದರಿಂದ ಇಲ್ಲಿ ಹಾಕಿಲ್ಲ. ಗಂಗಾವತಿಯಿಂದ ನಾವು ಕೆಲವು ಮಾಸ್ತರರು ಸೇರಿ ಹೋಗಿದ್ದೆವು.

ಈ ಸೇವೆಯ ದೊಡ್ಡ ಗುಣವೆಂದರೆ ಕಥೆಯನ್ನು ವೈಭವದಿಂದ ಆರಂಭಿಸದಿರುವುದು. ಹರಿಗೋಲಿನಲ್ಲಿ ಹೊಳೆ ದಾಟಿ ತಳವಾರಘಟ್ಟದ ಬಾಗಿಲಿನ ನೆರಳಿಗೆ ಬಂದಾಗ ಅವರು ಏಳು ಸುತ್ತಿನ ಕೋಟೆಯನ್ನಾಗಲಿ, ಬೀದಿಯಲ್ಲಿ ಮುತ್ತುರತ್ನ ಮಾರುವುದನ್ನಾಗಲಿ ಎತ್ತಲಿಲ್ಲ. ಅರಮನೆಯ ಒಳಜಗಳವನ್ನು ಎತ್ತಿದರು. ರಜಾಕ್ ಇನ್ನೂ ಕಲ್ಲಿಕೋಟೆಯಲ್ಲಿದ್ದಾಗಲೇ ಇಲ್ಲಿ ಅರಸನ ಸೋದರನೊಬ್ಬ ಹೊಸ ಮನೆ ಕಟ್ಟಿಸಿ, ಔತಣದ ನೆಪದಲ್ಲಿ ಸರದಾರರನ್ನು ಕರೆದು, ಕಹಳೆ ನಗಾರಿಗಳ ಗದ್ದಲದ ನಡುವೆ ಒಬ್ಬೊಬ್ಬರನ್ನೇ ಒಳಗೆ ಕರೆಸಿ ಕೊಲ್ಲಿಸಿದ್ದ. ಬಳಿಕ ವೀಳ್ಯದ ತಟ್ಟೆಯ ಅಡಿಯಲ್ಲಿ ಕಠಾರಿ ಅಡಗಿಸಿಕೊಂಡು ಅರಸನನ್ನೂ ಔತಣಕ್ಕೆ ಕರೆಯಲು ಹೋಗಿ, ತನಗೆ ಮೈ ನೆಟ್ಟಗಿಲ್ಲವೆಂದು ಅರಸ ಹೊರಡಲು ಒಪ್ಪದಿದ್ದಾಗ ಅಲ್ಲಿಯೇ ಇರಿದಿದ್ದ. ಅರಸ ಸತ್ತನೆಂದು ನಂಬಿ ಹೊರಗೆ ಬಂದು ಇನ್ನು ತಾನೇ ದೊರೆ ಎಂದು ಸಾರಿದವನಿಗೆ, ಗಾಯಗೊಂಡ ಅರಸ ಜನರೆದುರು ಬಂದು ನಿಂತದ್ದೇ ಮರಣಶಾಸನವಾಯಿತು. ಆ ಹೊತ್ತಿನಲ್ಲಿ ರಾಜ್ಯದ ಆಡಳಿತ ಹೊತ್ತಿದ್ದ ದಣ್ಣಾಯಕ ಸಿಂಹಳದ ಕಡೆ ಹೋಗಿದ್ದ. ಈ ಗೊಂದಲದ ಸುದ್ದಿ ತಿಳಿದ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ 7 ಲಕ್ಷ ವರಾಹ (ಚಿನ್ನದ ನಾಣ್ಯ) ಕೇಳಿ ಕಳುಹಿಸಿದ, ದೇವರಾಯ ಕೊಡಲಿಲ್ಲ. ಮುದಗಲ್ಲು, ರಾಯಚೂರುಗಳ ಸುತ್ತ ನಡೆದ 1443ರ ಯುದ್ಧಕ್ಕೂ ಈ ಭೇಟಿಗೂ ಇರುವ ನಂಟನ್ನು ಕೃಷ್ಣಾ-ತುಂಗಭದ್ರಾ ನದಿಗಳ ನಡುವಿನ ಆ ದೋಆಬಿನವರೇ ಆದ ನಮಗೆ ಯಾವ ಗೈಡೂ ಹಿಂದೆ ಹೇಳಿರಲಿಲ್ಲ.

ಸೇವೆಯ ಎರಡನೆಯ ಗುಣ ಅವರು ಆರಿಸಿಕೊಂಡ ಹೊತ್ತು. ರಾಯಭಾರಿ ಏಪ್ರಿಲ್ ಕೊನೆಯ ವೇಳೆಗೆ ನಗರ ಸೇರಿದ್ದ, ಅರಮನೆಯಿಂದ ಕರೆ ಬಂದು ಒಡ್ಡೋಲಗಕ್ಕೆ ಹೋದದ್ದು ಸಂಜೆಯ ಹೊತ್ತಿಗೆ. ಆದ್ದರಿಂದ ಇವರೂ ಹೆಚ್ಚಾಗಿ ಬೇಸಿಗೆಯಲ್ಲಿ, ಇಳಿಹೊತ್ತಿನಲ್ಲಿಯೇ ರಾಜಪ್ರಾಂಗಣಕ್ಕೆ ಕರೆದೊಯ್ಯುತ್ತಾರೆ. ಕಾದ ಕಲ್ಲಿನ ಮೇಲೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದಾಗ, ಮೈತುಂಬ ದಪ್ಪ ಬಟ್ಟೆ ತೊಟ್ಟು ಬಂದಿದ್ದ ರಜಾಕ್ ಬೆವರಿನಿಂದ ತೊಯ್ದದ್ದನ್ನು ಕಂಡು ಅರಸ ತನ್ನ ಕೈಯಲ್ಲಿದ್ದ ಚೀನಾದ ಬೀಸಣಿಗೆಯನ್ನೇ ಕೊಟ್ಟನೆಂಬ ವಿವರ ಹೇಳಿದರೆ, ಅದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಐದು ಕುದುರೆ, ಒಂಬತ್ತೊಂಬತ್ತು ರೇಷ್ಮೆ ವಸ್ತ್ರಗಳಿದ್ದ ಎರಡು ಹರಿವಾಣ ರಾಯಭಾರಿಯ ಕಾಣಿಕೆ. ಅವನು ಮೂರು ಸಲ ತಲೆ ಬಾಗಿಸಿದ. ಅರಸ ಅವನನ್ನು ಹತ್ತಿರ ಕೂರಿಸಿಕೊಂಡು, ಪತ್ರವನ್ನು ದುಭಾಷಿಯ ಕೈಗೆ ಕೊಟ್ಟು, ದೊಡ್ಡ ದೊರೆ ತನ್ನಲ್ಲಿಗೆ ರಾಯಭಾರಿಯನ್ನು ಕಳುಹಿಸಿದ್ದು ಬಹಳ ಸಂತೋಷವೆಂದ. ಹೊರಡುವಾಗ ತಟ್ಟೆಯಲ್ಲಿ ಎರಡು ವೀಳ್ಯ, 500 ಪಣಗಳ ಚೀಲ, ಕರ್ಪೂರ ಬಂದವು.

ಇಲ್ಲಿ ಮಾರ್ಗದರ್ಶಿ ಸ್ವಲ್ಪ ಹೊತ್ತು ಸುಮ್ಮನಾಗಿ ಹೇಳಿದ ಮಾತು ಇಡೀ ನಡಿಗೆಯ ಬೆಲೆಯನ್ನು ಗಿಟ್ಟಿಸಿಕೊಟ್ಟಿತು: “ನೋಡ್ರಿ ಸರ, ವೀಳ್ಯದ ತಟ್ಟಿ ಕಂಡ್ರ ಬೆಚ್ಚಿಬೀಳಬೇಕಾದ ಅರಸ, ಅದನ್ನ ತರಿಸಿ ಪರದೇಶದವನ ಕೈಯಾಗ ಕೊಡಾಕತ್ತಾನ.” ಕೊಲೆಯಿಂದ ಪಾರಾಗಿ ಹೆಚ್ಚು ಕಾಲವಾಗಿರದ, ಗಡಿಯಲ್ಲಿ ಯುದ್ಧ ಮುಸುಕಿದ್ದ ಅರಸನೊಬ್ಬ ಪರಕೀಯರ ಎದುರು ಏನೂ ಆಗಿಲ್ಲವೆಂಬಂತೆ ಕೂರಬೇಕಾದ ಒತ್ತಡ ಎಂಥದೆಂಬುದು ಆ ಮಾತಿನಿಂದ ಹೊಳೆಯುತ್ತದೆ. ಕಲ್ಲಿಕೋಟೆಯ ದೊರೆ ಸಾಮೂದಿರಿಗೆ ಹೇಳಿಕಳುಹಿಸಿ ಈ ರಾಯಭಾರಿಯನ್ನು ಕರೆಸಿಕೊಂಡವನೂ ದೇವರಾಯನೇ ಎಂಬುದನ್ನು ನೆನೆದರೆ, ಬಹಮನಿಗಳ ಎದುರಾಳಿಗೆ ಹೆರಾತಿನ ಪತ್ರ ಎಷ್ಟು ಬೆಲೆಯುಳ್ಳದ್ದಾಗಿದ್ದಿರಬೇಕು ಎಂದು ನನಗೆ ಅನ್ನಿಸಿತು. ರಾಯಭಾರಿಗೆ ದಿನಕ್ಕೆ ಸಲ್ಲುತ್ತಿದ್ದ ಪಡಿಯಲ್ಲಿ ಎರಡು ಕುರಿ, ನಾಲ್ಕು ಜೋಡಿ ಕೋಳಿಗಳ ಜೊತೆಗೆ ಐದು ಮಣ ಅಕ್ಕಿಯೂ ಇತ್ತೆಂದಾಗ ನಮ್ಮ ಗುಂಪಿನಲ್ಲಿ ಅದು ಎಲ್ಲಿಯ ಅಕ್ಕಿ ಎಂಬ ಚರ್ಚೆ ಎದ್ದಿತು. ಭತ್ತದ ಊರಿನವರ ದೌರ್ಬಲ್ಯ, ಕ್ಷಮಿಸಬೇಕು.

ಕೊರತೆಗಳೂ ಇವೆ. ರಾಜಪ್ರಾಂಗಣದಲ್ಲಿ ನೂರು ಕಂಬಗಳ ಕುಳಿಗಳಿರುವ ಕಟ್ಟೆಯನ್ನು ತೋರಿಸಿ, ಭೇಟಿ ನಡೆದದ್ದು ಇಲ್ಲಿಯೇ ಎಂದು ಅವರು ಸಂಶಯಕ್ಕೆಡೆಯಿಲ್ಲದಂತೆ ಹೇಳುತ್ತಾರೆ. ರಜಾಕ್ ಬರೆದಿರುವುದು ನಲವತ್ತು ಕಂಬಗಳ ಸಭಾಂಗಣದ ಬಗ್ಗೆ. ಮರದ ಕಂಬಗಳು ಹೋಗಿ ಕುಳಿಗಳಷ್ಟೇ ಉಳಿದಿರುವ ಜಾಗದಲ್ಲಿ ಇಷ್ಟು ಖಚಿತವಾಗಿ ಮಾತಾಡುವುದು ಸರಿಯಲ್ಲ. ಸುಮಾರು ಎರಡು ದಶಕ ಆಳಿದ್ದ ಅರಸನನ್ನು ರಜಾಕ್ ಇನ್ನೂ ಗಡ್ಡ ಮೂಡದ ಎಳೆಯನೆಂದು ವರ್ಣಿಸಿದ್ದೇಕೆ ಎಂದು ಕೇಳಿದಾಗ ಮಾತ್ರ, ಅದು ತಮಗೂ ಬಗೆಹರಿಯದ ಒಗಟೆಂದು ಒಪ್ಪಿಕೊಂಡರು. ಆ ಪ್ರಾಮಾಣಿಕತೆ ಕಂಬಗಳ ವಿಷಯದಲ್ಲಿಯೂ ಇರಬೇಕಿತ್ತು.

ಇದಕ್ಕಿಂತ ದೊಡ್ಡ ಕೊರತೆ ಕಥೆಯ ಉತ್ತರಾರ್ಧದ್ದು. ರಜಾಕ್ ನಿಜವಾದ ರಾಯಭಾರಿಯೇ ಅಲ್ಲ ಎಂದು ಪರ್ಷಿಯನ್ ಕೊಲ್ಲಿಯ ಬಂದರು ಹೋರ್ಮುಜ್‌ನ ವರ್ತಕರು ಗಾಳಿಸುದ್ದಿ ಹಬ್ಬಿಸಿದ್ದು, ದಣ್ಣಾಯಕ ದಂಡೆತ್ತಿ ಹೋದಾಗ ಅವನ ಜಾಗದಲ್ಲಿದ್ದ ಅಧಿಕಾರಿ ರಜಾಕನ ಪಡಿಗೆ ಕತ್ತರಿ ಹಾಕಿದ್ದು, ಬೀಳ್ಕೊಡುವಾಗ ಅರಸನೇ ಆ ಅನುಮಾನವನ್ನು ಬಾಯಿಬಿಟ್ಟು ಹೇಳಿದ್ದು, ಇವೆಲ್ಲ ಮೊದಲ ಭೇಟಿಯ ಸಂತೋಷ ಹೇಗೆ ಸವೆಯಿತೆಂಬುದನ್ನು ತೋರಿಸುವ ಸಂಗತಿಗಳು. ಸೂರ್ಯ ಮುಳುಗುವಾಗ ಕಾವಲುಗಾರರು ಸೀಟಿ ಊದಿದ್ದರಿಂದ ಇದೆಲ್ಲ ವಾಹನದತ್ತ ನಡೆಯುತ್ತಾ ನಾಲ್ಕು ಮಾತಿನಲ್ಲಿ ಮುಗಿದುಹೋಯಿತು. ತಳವಾರಘಟ್ಟದಲ್ಲಿ ಹರಟೆಗೆ ಕಳೆದ ಹೊತ್ತನ್ನು ಇಲ್ಲಿಗೆ ಉಳಿಸಿಕೊಳ್ಳಬಹುದಿತ್ತು.

ಊಟ ಆನೆಗೊಂದಿಯ ಅವರ ಮನೆಯಲ್ಲಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೆಸರಿಡುವಂತಿಲ್ಲ. ಶುಲ್ಕ ಇಡೀ ಗುಂಪಿಗೆ ಒಂದೇ, ತಲೆಗೆ ಇಷ್ಟೆಂಬ ಲೆಕ್ಕವಿಲ್ಲ. ಹರಿಗೋಲಿನ ಬಾಡಿಗೆಯೂ ಅದರಲ್ಲಿಯೇ ಸೇರಿದೆ. ಡ್ಯಾಮಿನಿಂದ ನೀರು ಬಿಟ್ಟಾಗ ಹರಿಗೋಲು ನಡೆಯುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ಕಡೆಬಾಗಿಲಿನ ಸೇತುವೆಯ ಮೇಲೆ ಸುತ್ತಿ ಹೋಗಬೇಕಾಗುತ್ತದೆ, ಆಗ ಗಾಡಿಯ ಖರ್ಚು ನಮ್ಮದೇ. ಹಂಪಿಯನ್ನು ಮೊದಲ ಸಲ ನೋಡುವವರಿಗೆ ಇದು ತಕ್ಕದ್ದಲ್ಲ. ಒಮ್ಮೆ ಎಲ್ಲವನ್ನೂ ನೋಡಿ ಬಂದವರು ಮುಂಚೆಯೇ ಅವರನ್ನು ಕಂಡು, ರಾಜಪ್ರಾಂಗಣಕ್ಕೆ ಒಂದು ತಾಸು ಹೆಚ್ಚು ಕೊಡುವಂತೆ ಕೇಳಿಕೊಂಡು ಹೋಗುವುದು ಒಳ್ಳೆಯದು.