ರಟ್ಟು, ಬಟ್ಟೆ, ತೆಳು ಕಾಗದ, ಮೊಬೈಲ್: ಮಗಳೊಂದಿಗೆ ಓದಿ ನೋಡಿದ ನಾಲ್ಕು ಬಗೆಗಳು

ನಮ್ಮ ಮನೆ ಚಿಕ್ಕಮಗಳೂರು ಪೇಟೆಯಲ್ಲಿದೆ. ಅತ್ತೆ ಮಾವ ಇರುವುದು ಮೂಡಿಗೆರೆ ಕಡೆಯ ಒಂದು ಸಣ್ಣ ಕಾಫಿ ತೋಟದಲ್ಲಿ. ಮಗಳಿಗೆ ಮೂರು ತಿಂಗಳಾದಾಗಿನಿಂದ ಈಗ ಮೂರು ವರ್ಷ ತುಂಬುವವರೆಗೆ ಈ ಎರಡೂ ಮನೆಗಳಲ್ಲಿ ನಾಲ್ಕು ಬಗೆಯ ಪುಸ್ತಕಗಳನ್ನು ಅವಳೊಂದಿಗೆ ಓದಿದ್ದೇವೆ: ದಪ್ಪ ರಟ್ಟಿನವು, ಬಟ್ಟೆಯವು, ತೆಳು ಕಾಗದದ ಕನ್ನಡ ಚಿತ್ರಪುಸ್ತಕಗಳು ಮತ್ತು ಮೊಬೈಲಿನಲ್ಲಿ ತೆರೆದುಕೊಳ್ಳುವ ಕಥೆಗಳು. ಯಾವುದು ಹೆಚ್ಚು ಕಾಲ ಬಾಳುತ್ತದೆ ಎಂದು ನೋಡುವುದು ಮೊದಲಿಗೆ ನನ್ನ ಉದ್ದೇಶವಾಗಿತ್ತು. ಕೆಲವೇ ತಿಂಗಳಲ್ಲಿ ನನ್ನ ಅಳತೆಗೋಲು ಬದಲಾಯಿತು: ಯಾವ ಪುಸ್ತಕ ಕೈಯಲ್ಲಿದ್ದಾಗ ಮನೆಯವರು ಮಗುವಿನೊಂದಿಗೆ ಹೆಚ್ಚು ಮಾತನಾಡುತ್ತಾರೆ ಎಂಬುದನ್ನೇ ಗಮನಿಸತೊಡಗಿದೆ.

ಓದಿ ಹೇಳುವುದನ್ನು ಹುಟ್ಟಿನಿಂದಲೇ ಆರಂಭಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಸಲಹೆ ನೀಡಿದ್ದನ್ನು ನಾನು ಗರ್ಭಿಣಿಯಾಗಿದ್ದಾಗ ಓದಿದ್ದೆ. ಅತ್ತೆಗೆ ಅದನ್ನು ಹೇಳಿದಾಗ ಅವರು, "ಮೂರು ತಿಂಗಳ ಕೂಸಿಗೆ ಎಂತ ಓದಮ್ಮಾ? ನಿದ್ದೆ ಮಾಡಲಿ ಬಿಡು" ಎಂದರು. ಆದರೆ ಕಪ್ಪು ಬಿಳುಪಿನ ದೊಡ್ಡ ಚಿತ್ರಗಳಿದ್ದ ಒಂದು ರಟ್ಟಿನ ಪುಸ್ತಕವನ್ನು ಮಗುವಿನ ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದಾಗ ಅವಳು ಕೈಕಾಲು ಬಡಿಯುವುದನ್ನು ನಿಲ್ಲಿಸಿ ನೋಡುತ್ತಿದ್ದುದನ್ನು ಅವರೂ ಕಂಡರು. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮಗುವಿಗೆ ಚೆನ್ನಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಮಾತ್ರ. ಎತ್ತಿಕೊಂಡವರ ಮುಖವೂ ಹೆಚ್ಚು ಕಡಿಮೆ ಅಷ್ಟೇ ದೂರದಲ್ಲಿರುತ್ತದೆ.

ಒಂದು ವರ್ಷದೊಳಗಿನ ಮಗುವಿನ ಕೈಗೆ ಕೊಡಲು ರಟ್ಟಿನ ಪುಸ್ತಕಕ್ಕೆ ಸಾಟಿಯಾದುದು ನನಗೆ ಸಿಕ್ಕಿಲ್ಲ. ಮೂಲೆಗಳು ದುಂಡಾಗಿರುತ್ತವೆ, ಕಚ್ಚಿದರೂ ಹರಿಯುವುದಿಲ್ಲ, ಒಂಬತ್ತು ಹತ್ತು ತಿಂಗಳ ಬೆರಳುಗಳಿಗೂ ಪುಟ ತಿರುವಲು ಬರುತ್ತದೆ. ತಾನೇ ಪುಟ ತಿರುವಿ ನಾಯಿಯ ಚಿತ್ರ ಹುಡುಕಿ ತೆಗೆದ ದಿನ ಅವಳಿಗಾದ ಸಂತೋಷ ನಮ್ಮೆಲ್ಲರದೂ ಆಗಿತ್ತು. ಬಾಳಿಕೆ ಮಾತ್ರ ನಾನು ಎಣಿಸಿದಷ್ಟಿರಲಿಲ್ಲ. ಜೊಲ್ಲಿನಲ್ಲಿ ನೆನೆದ ಪುಟಗಳು ಮೂಡಿಗೆರೆಯ ಜುಲೈ ಮಳೆಯಲ್ಲಿ ಒಣಗದೆ ಊದಿಕೊಂಡವು, ಪದರ ಪದರವಾಗಿ ಬಿಟ್ಟುಕೊಂಡವು, ಬೂಷ್ಟಿನ ವಾಸನೆ ಹಿಡಿದವು.

ಅದಕ್ಕಿಂತ ದೊಡ್ಡ ತೊಡಕು ಭಾಷೆಯದಾಗಿತ್ತು. ನಮಗೆ ಅಂಗಡಿಯಲ್ಲಿ ಸಿಕ್ಕ ರಟ್ಟಿನ ಪುಸ್ತಕಗಳು ಒಂದನ್ನು ಬಿಟ್ಟು ಎಲ್ಲವೂ ಇಂಗ್ಲಿಷಿನವು. ಅತ್ತೆ ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು; ದನ, ನಾಯಿ, ಹಕ್ಕಿ, ಹಾವುಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲವರು. ಅಂಥವರು ಈ ಪುಸ್ತಕ ಹಿಡಿದಾಗ ಅಕ್ಷರ ನೋಡಿ ಸುಮ್ಮನಾಗುತ್ತಿದ್ದರು. "ಇದರಲ್ಲಿ ಎಂತ ಬರೆದಿದೆಯೋ, ನೀನೇ ಓದಮ್ಮಾ" ಎಂದು ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು. ಇಗ್ಲೂ ಎಂಬ ಹಿಮದ ಮನೆಯ ಚಿತ್ರ ಬಂದಾಗ ನನಗೂ ಅದರ ಹೆಸರಿನಾಚೆಗೆ ಹೇಳಲು ಏನೂ ಇರುತ್ತಿರಲಿಲ್ಲ. ತಪ್ಪು ಓದಿಬಿಟ್ಟೇನೆಂಬ ಅಂಜಿಕೆಯಿಂದ ಅಜ್ಜಿಯೊಬ್ಬರು ಮೊಮ್ಮಗಳ ಎದುರು ಮೌನವಾಗುವುದು ನನಗೆ ತುಂಬ ನೋವಿನ ಸಂಗತಿಯಾಗಿ ಕಂಡಿತು. ಆಮೇಲೆ ಅಕ್ಷರವೇ ಇಲ್ಲದ, ಚಿತ್ರ ಮಾತ್ರ ಇರುವ ರಟ್ಟಿನ ಪುಸ್ತಕ ಹುಡುಕಿ ತಂದೆ; ಅದು ಅವರಿಗೂ ಹಿಡಿಸಿತು.

ಬಟ್ಟೆ ಪುಸ್ತಕದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಒಳಗೆ ಸರಬರ ಸದ್ದು ಮಾಡುವ ಹಾಳೆಯಿರುವ ಅದನ್ನು ಮಗಳು ಆಟದ ಸಾಮಾನಿನಂತೆ ಹಿಚುಕಿದಳೇ ಹೊರತು ಚಿತ್ರ ನೋಡಲಿಲ್ಲ. ಒಗೆಯಬಹುದು ಎನ್ನುವುದೇ ಅದರ ದೊಡ್ಡ ಗುಣ. ಮಲೆನಾಡಿನ ಮಳೆಗಾಲದಲ್ಲಿ ಒಗೆದ ಮೇಲೆ ಒಣಗಲು ನಾಲ್ಕು ದಿನ ಹಿಡಿಯುತ್ತದೆ.

ತೆಳು ಕಾಗದದ ಕನ್ನಡ ಪುಸ್ತಕಗಳನ್ನು ನಾನು ಮೊದಲು ದೂರ ಇಟ್ಟಿದ್ದೆ, ಹರಿಯುತ್ತಾಳೆಂಬ ಕಾರಣಕ್ಕೆ. ನಿಜಕ್ಕೂ ಹರಿದಳು. ಹನ್ನೊಂದನೆಯ ತಿಂಗಳಲ್ಲಿ ಒಂದು ಪುಸ್ತಕದ ನಡುವಿನ ಪಿನ್ ಸಡಿಲಗೊಂಡು ಅವಳ ಬಾಯಿಗೆ ಹೋಗುವಷ್ಟರಲ್ಲಿ ಮಾವ ನೋಡಿ ಕಿತ್ತುಕೊಂಡರು. ಅಂದೇ ಸಂಜೆ ಅವರು ಎಲ್ಲ ಪುಸ್ತಕಗಳ ಪಿನ್ ತೆಗೆದು, ಕಾಫಿ ಚೀಲ ಹೊಲಿಯುವ ದಬ್ಬಣದಿಂದ ತೂತು ಮಾಡಿ ಹತ್ತಿಯ ದಾರ ಹಾಕಿ ಹೊಲಿದುಕೊಟ್ಟರು. ಪುಟಗಳ ಅಂಚಿಗೆ ನಾನು ಪಾರದರ್ಶಕ ಟೇಪು ಹಚ್ಚಿದೆ. ಹೀಗೆ ಗಟ್ಟಿ ಮಾಡಿದ ಎಂಟು ಪುಸ್ತಕಗಳಲ್ಲಿ ಆರು ಇಂದಿಗೂ ಓದುವ ಸ್ಥಿತಿಯಲ್ಲಿವೆ.

ಈ ಪುಸ್ತಕಗಳಲ್ಲಿ ಹೆಚ್ಚಿನವು ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯವು. ಕೆಲವು ಚೆನ್ನೈನ ತೂಲಿಕಾ ಪ್ರಕಾಶನದವು. ಅವುಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಒಟ್ಟಿಗೆ ಇರುವುದರಿಂದ ಅಜ್ಜಿ ಒಂದನ್ನು, ನಾನು ಇನ್ನೊಂದನ್ನು ಓದಬಹುದಾಗಿತ್ತು. ಒಂದು ಮಾತ್ರ ನ್ಯಾಷನಲ್ ಬುಕ್ ಟ್ರಸ್ಟಿನದು, ನನ್ನ ಗಂಡ ಚಿಕ್ಕವರಿದ್ದಾಗ ಓದಿದ ಪ್ರತಿ. ಒಲೆಯ ಹೊಗೆ ಆಡುವ ಅಟ್ಟದ ಮೇಲೆ ಪೆಟ್ಟಿಗೆಯಲ್ಲಿದ್ದ ಆ ಪುಸ್ತಕ ಮೂವತ್ತು ವರ್ಷದ ಮೇಲೂ ಬೂಷ್ಟಿಲ್ಲದೆ ಉಳಿದಿರುವುದನ್ನು ಕಂಡಾಗ, ಬಾಳಿಕೆ ಕಾಗದದ ದಪ್ಪಕ್ಕಿಂತ ಇಟ್ಟ ಜಾಗಕ್ಕೆ ಸೇರಿದ್ದೆಂದು ನನಗೆ ಅರಿವಾಯಿತು.

ಕನ್ನಡ ಪುಸ್ತಕ ಅತ್ತೆಯ ಕೈಗೆ ಬಂದ ಮೇಲೆ ಓದಿನ ಸ್ವರೂಪವೇ ಬೇರೆಯಾಯಿತು. "ಹಸುವು ಹುಲ್ಲನ್ನು ಮೇಯುತ್ತಿದೆ" ಎಂಬ ಸಾಲನ್ನು ಅವರು ಒಮ್ಮೆ ಹಾಗೆಯೇ ಓದಿ, "ನೋಡೇ ಪುಟ್ಟೀ, ದನ ಮೇಯ್ತಾ ಉಂಟು, ನಮ್ಮ ಕೊಟ್ಟಿಗೆ ದನದ ಹಾಗೇ ಇಲ್ವಾ?" ಎಂದು ಮನೆಮಾತಿಗೆ ತಿರುಗಿಸುತ್ತಿದ್ದರು. ಮಗಳು "ಅಂಬಾ" ಎಂದರೆ, "ಹೂಂ, ಅಂಬಾ. ಕೆಂದ ದನ" ಎಂದು ಅವಳ ಮಾತಿಗೆ ಒಂದು ಪದ ಸೇರಿಸಿ ಮರಳಿಸುತ್ತಿದ್ದರು. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡು ವರ್ಷದ ಆಸುಪಾಸಿನ ಮಕ್ಕಳ ಬಗ್ಗೆ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಂದೆ ತಾಯಿಯರಿಗೆ ಕಲಿಸಿಕೊಟ್ಟದ್ದು ಇದೇ ಕ್ರಮವನ್ನು: ಪ್ರಶ್ನೆ ಕೇಳುವುದು, ಉತ್ತರಕ್ಕೆ ಕಾಯುವುದು, ಮಗು ಹೇಳಿದ್ದನ್ನು ಹಿಗ್ಗಿಸುವುದು. ಒಂದು ತಿಂಗಳ ಅಭ್ಯಾಸದಲ್ಲೇ ಆ ಮಕ್ಕಳ ಮಾತು ಮುಂದುವರಿದಿತ್ತು. ಅತ್ತೆಗೆ ಯಾರೂ ಕಲಿಸಿರಲಿಲ್ಲ. ಅವರಿಗೆ ಬೇಕಾಗಿದ್ದುದು ತಮ್ಮ ಭಾಷೆಯ ಪುಸ್ತಕ ಮಾತ್ರ.

ಮೊಬೈಲಿನ ವಿಷಯದಲ್ಲಿ ನ್ಯಾಯವಾದ ಹೋಲಿಕೆ ಮಾಡಲೆಂದೇ ಒಂದೇ ಕಥೆಯನ್ನು ಎರಡು ರೂಪದಲ್ಲಿ ಓದಿದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಓದಿನ ಹಂತಗಳ ಪ್ರಕಾರ ಉಚಿತವಾಗಿ ಸಿಗುತ್ತವೆ. ಇಳಿಸಿಕೊಂಡು ಮುದ್ರಿಸಿಕೊಳ್ಳಲೂ ಅನುಮತಿಯಿದೆ. ಮಗಳಿಗೆ ಎರಡು ವರ್ಷ ತುಂಬಿದ ಮೇಲೆ ಒಂದು ಕಥೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಮುದ್ರಿಸಿ, ಅದನ್ನೇ ಮೊಬೈಲಿನಲ್ಲೂ ತೋರಿಸಿದೆ. ಮುದ್ರಿತ ಪ್ರತಿಗೆ ಹತ್ತು ನಿಮಿಷ ಹಿಡಿಯಿತು, ಏಕೆಂದರೆ ಅವಳು ಪ್ರತಿ ಪುಟದಲ್ಲೂ ನಿಂತು ಇರುವೆ ಎಲ್ಲಿದೆ, ಹಕ್ಕಿ ಎಲ್ಲಿದೆ ಎಂದು ಬೆರಳಿಟ್ಟು ಕೇಳಿದಳು. ಮೊಬೈಲಿನಲ್ಲಿ ಮೂರೇ ನಿಮಿಷದಲ್ಲಿ ಕಥೆ ಮುಗಿದಿತ್ತು. ಬೆರಳಿಟ್ಟರೆ ಪುಟ ಸರಿದುಹೋಗುತ್ತಿತ್ತು, ಸರಿದುಹೋಗುವುದೇ ಅವಳಿಗೆ ಆಟವಾಯಿತು. ಒಂದು ವರ್ಷದ ಮಕ್ಕಳಿಗೆ ಪರದೆ ಬೇಡ, ಎರಡರ ಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆದ್ದರಿಂದ ಆ ತಾಣವನ್ನು ನಾನು ನನ್ನ ಗ್ರಂಥಾಲಯವನ್ನಾಗಿ ಇಟ್ಟುಕೊಂಡಿದ್ದೇನೆ: ರಾತ್ರಿ ನಾನು ಓದಿ ಆರಿಸುತ್ತೇನೆ, ಹಿಡಿಸಿದ್ದನ್ನು ಮುದ್ರಿಸುತ್ತೇನೆ. ಹನ್ನೆರಡು ಪುಟಕ್ಕೆ ನೂರಿಪ್ಪತ್ತು ರೂಪಾಯಿ ಆಗುವುದರಿಂದ ಇದು ಅಗ್ಗವಲ್ಲ.

ಈ ನಾಲ್ಕರ ಪಟ್ಟಿಯಲ್ಲಿಲ್ಲದ ಒಂದು ಪುಸ್ತಕವನ್ನೂ ಹೇಳಲೇಬೇಕು. ಕಾಫಿ ಕೊಯ್ಲಿನ ಕಾಲದಲ್ಲಿ ತೆಗೆದ ಫೋಟೊಗಳನ್ನು, ಕಣದಲ್ಲಿ ಹರಡಿದ ಹಣ್ಣು, ಬಚ್ಚಲ ಹಂಡೆ, ಮಾವನ ಕಂಬಳಿ ಕೊಪ್ಪೆ, ಮೆಣಸಿನ ಬಳ್ಳಿ, ಒಂದು ಚಿಕ್ಕ ಆಲ್ಬಮ್ಮಿಗೆ ಸೇರಿಸಿ ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದೊಂದೇ ಪದ ಬರೆದೆ. ಮೂರು ವರ್ಷದಲ್ಲಿ ಅತಿ ಹೆಚ್ಚು ಸಲ ತೆರೆದ ಪುಸ್ತಕ ಅದೇ.

ಹೋದ ತಿಂಗಳು ನಾದಿನಿಗೆ ಸಕಲೇಶಪುರದಲ್ಲಿ ಗಂಡು ಮಗುವಾಯಿತು. ಅಕ್ಷರವಿಲ್ಲದ ಎರಡು ರಟ್ಟಿನ ಪುಸ್ತಕ, ಪಿನ್ ತೆಗೆದು ದಾರದಲ್ಲಿ ಹೊಲಿದ ಮೂರು ಕನ್ನಡ ಪುಸ್ತಕ ಮತ್ತು ಒಂದು ಖಾಲಿ ಆಲ್ಬಮ್ ಕಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿಡು ಎಂದು ಚೀಟಿ ಬರೆದು ಕಳುಹಿಸಿದ್ದೇನೆ.