ನೆಟ್ ಇಲ್ಲದ ಕಡೆ ಪಾಠ: ಟ್ಯಾಬ್ಲೆಟ್ಟೋ, ಎಸ್ಸೆಮ್ಮೆಸ್ಸೋ, ಡಬ್ಬಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಬ್ಬಿಗೆ. ಡಬ್ಬಿ ಅಂದರೆ ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರು, ಹೆಸರು ರಾಸ್ಪ್‌ಬೆರಿ ಪೈ 4, ಅದರೊಳಗೊಂದು ಮೆಮೊರಿ ಕಾರ್ಡು, ಪಕ್ಕದಲ್ಲೊಂದು ಪವರ್ ಬ್ಯಾಂಕು. ಸಂಜೆ ಹೊತ್ತು ಇಪ್ಪತ್ತು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸುಮಾರು ಅರ್ಧ ಮಕ್ಕಳು ಮನೆಯ ಫೋನ್ ತರುತ್ತಾರೆ, ಅದೂ ಅಪ್ಪನೋ ಅಕ್ಕನೋ ಆ ಹೊತ್ತಿಗೆ ಮನೆಗೆ ಬಂದಿದ್ದರೆ.

ಡಬ್ಬಿಗೆ ಬರುವ ಮೊದಲು ನಾನು ಕೈ ಸುಟ್ಟುಕೊಂಡದ್ದು ಟ್ಯಾಬ್ಲೆಟ್ಟಿನಲ್ಲಿ. ‘ಪಾಠ ತುಂಬಿಯೇ ಕೊಡುತ್ತೇವೆ’ ಅಂದರೆಂದು ಐದು ಕೊಂಡೆ. ತುಂಬಿದ್ದೇನೋ ಹೌದು, ಆದರೆ ಬೇರೆ ಯಾವುದೋ ಪಠ್ಯಕ್ರಮದ ಪಾಠ. ಅಳಿಸಲೂ ಬಿಡದು, ನಮ್ಮದಕ್ಕೆ ಜಾಗವನ್ನೂ ಕೊಡದು. ಮೂರನೇ ತಿಂಗಳಿಗೆ ಚಾರ್ಜಿಂಗ್ ಪಿನ್ ಸಡಿಲವಾಯಿತು. ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪಿನ್ನಿನಡಿ ಒತ್ತುಕೊಟ್ಟು, ಮೇಲೊಂದು ಜ್ಯಾಮಿಟ್ರಿ ಬಾಕ್ಸ್ ಹೇರಿ ಚಾರ್ಜ್ ಮಾಡುತ್ತಿದ್ದಳು. ವರ್ಷ ತುಂಬುವಷ್ಟರಲ್ಲಿ ಒಂದರ ಬ್ಯಾಟರಿ ಉಬ್ಬಿ ಪರದೆಯನ್ನೇ ಎತ್ತಿಬಿಟ್ಟಿತು. ಮಾರಿದವರು ಆಮೇಲೆ ಫೋನ್ ಎತ್ತಲಿಲ್ಲ.

ತಪ್ಪು ನನ್ನದೇ. ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯ ಕಥೆ ಗೊತ್ತಿದ್ದೂ ಕೊಂಡೆನಲ್ಲ! 2005ರಲ್ಲಿ ಆ ಯೋಜನೆ ಹುಟ್ಟುಹಾಕಿದ ನಿಕೊಲಸ್ ನೆಗ್ರೊಪಾಂಟೆ 100 ಡಾಲರಿನ ಲ್ಯಾಪ್‌ಟಾಪ್ ಅಂದರು. 2007ರಲ್ಲಿ ಕೈಗೆ ಬಂದಾಗ ಅದರ ಬೆಲೆ ಹೆಚ್ಚುಕಡಿಮೆ ಎರಡರಷ್ಟು. ಪೆರು ದೇಶವೊಂದೇ ಎಂಟು ಲಕ್ಷಕ್ಕೂ ಮಿಕ್ಕಿ ಹಂಚಿತು. ಅಲ್ಲಿನ 319 ಹಳ್ಳಿ ಶಾಲೆಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದನ್ನು ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ 2012ರಲ್ಲಿ ಪ್ರಕಟಿಸಿತು. ಮಕ್ಕಳು ಕಂಪ್ಯೂಟರ್ ಮುಟ್ಟಿದ್ದು ಹೆಚ್ಚಾಗಿತ್ತು, ಗಣಿತದ್ದಾಗಲಿ ಭಾಷೆಯದ್ದಾಗಲಿ ಅಂಕ ಏರಿರಲಿಲ್ಲ.

ಎಸ್ಸೆಮ್ಮೆಸ್ಸಿನ ಬಗ್ಗೆ ನನಗೆ ತಾತ್ಸಾರವಿಲ್ಲ. ಈ ಮೂರರಲ್ಲಿ ಕೀಪ್ಯಾಡ್ ಫೋನಿಗೂ ತಲುಪುವುದು ಅದೊಂದೇ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಬೋಟ್ಸ್‌ವಾನಾದಲ್ಲಿ ಸುಮಾರು 4,500 ಮನೆಗಳ ಮೇಲೆ ಇದನ್ನು ಪರೀಕ್ಷಿಸಿದರು: ಕೆಲವರಿಗೆ ವಾರಕ್ಕೊಂದು ಬಾರಿ ಎಸ್ಸೆಮ್ಮೆಸ್ಸಿನಲ್ಲಿ ಲೆಕ್ಕ, ಕೆಲವರಿಗೆ ಅದರ ಜೊತೆಗೆ ಹದಿನೈದು-ಇಪ್ಪತ್ತು ನಿಮಿಷದ ಫೋನ್ ಕರೆ. ಕರೆ ಬಂದ ಮನೆಯ ಮಕ್ಕಳು ಕಲಿತರು. ಬರೀ ಎಸ್ಸೆಮ್ಮೆಸ್ಸಿನಿಂದ ಹೇಳಿಕೊಳ್ಳುವಂಥದ್ದು ಆಗಲಿಲ್ಲ. ನನ್ನ ಅನುಭವವೂ ಅದೇ. ಇಂಗ್ಲಿಷಿನಲ್ಲಾದರೆ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಗುಣಿತ, ಒತ್ತು ಎಲ್ಲವನ್ನೂ ಅದು ಬೇರೆ ಬೇರೆಯಾಗಿ ಎಣಿಸುತ್ತದೆ. ಭಿನ್ನರಾಶಿಯ ಒಂದು ಲೆಕ್ಕ ಕೇಳುವಷ್ಟರಲ್ಲಿ ಸಂದೇಶ ಎರಡಾಗಿರುತ್ತದೆ. ಇನ್ನು ಫೋನ್ ಕರೆ? ಇಪ್ಪತ್ತು ಮಕ್ಕಳು, ತಲೆಗೆ ಇಪ್ಪತ್ತು ನಿಮಿಷ ಅಂದರೆ ವಾರಕ್ಕೆ ಹತ್ತಿರಹತ್ತಿರ ಏಳು ಗಂಟೆ. ಎರಡು ವಾರಕ್ಕೇ ಗಂಟಲು ಕಟ್ಟಿತು.

ವಾಟ್ಸ್ಯಾಪ್ ಗುಂಪಿನ ವಿಚಾರ ಬೇಡ. ಹಬ್ಬದ ಶುಭಾಶಯದ ನಡುವೆ ಪಾಠ ಹುಡುಕಬೇಕು.

ಈಗ ಡಬ್ಬಿ. ಇದರಲ್ಲಿ ಕೊಲಿಬ್ರಿ ಅನ್ನುವ ಉಚಿತ ತಂತ್ರಾಂಶ ಹಾಕಿದ್ದೇನೆ. ನೆಟ್ ಇರುವ ಕಡೆ ಒಮ್ಮೆ ಪಾಠ, ವಿಡಿಯೊ, ಅಭ್ಯಾಸದ ಲೆಕ್ಕ ಇಳಿಸಿಕೊಂಡರಾಯಿತು. ಆಮೇಲೆ ಡಬ್ಬಿಯದೇ ವೈಫೈಗೆ ಮಕ್ಕಳ ಫೋನ್ ಸೇರಿಸಿ ಬ್ರೌಸರಿನಲ್ಲಿ ತೆರೆಯುವುದು. ಫೋನಿನಲ್ಲಿ ಆ್ಯಪ್ ಬೇಡ, ಜಾಗ ಬೇಡ. ಯಾರು ಯಾವ ಲೆಕ್ಕದಲ್ಲಿ ಎಷ್ಟು ಸಲ ಎಡವಿದರು ಅನ್ನುವುದು ನನಗೆ ಕಾಣುತ್ತದೆ. ನಾನು ಮನಸೋತದ್ದು ಇದಕ್ಕೇ. ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ‘ಹೂಂ’ ಅನ್ನುತ್ತಿದ್ದರು. ಋಣ ಸಂಖ್ಯೆಯ ಗುಣಾಕಾರದಲ್ಲಿ ಇಪ್ಪತ್ತರಲ್ಲಿ ಹದಿಮೂರು ಜನ ಒಂದೇ ತಪ್ಪು ಮಾಡುತ್ತಿದ್ದಾರೆಂದು ಡಬ್ಬಿಯೇ ತೋರಿಸಿಕೊಟ್ಟಿತು.

ಹಾಗಂತ ಮೊದಲ ದಿನ ಮರ್ಯಾದೆ ಉಳಿಸಿತು ಅಂದುಕೊಳ್ಳಬೇಡಿ. ಎಲ್ಲರೂ ವೈಫೈಗೆ ಸೇರಿದರು, ಒಬ್ಬರಿಗೂ ಪುಟ ತೆರೆಯಲಿಲ್ಲ. “ಸಾರ್, ಇದರಲ್ಲಿ ನೆಟ್ ಇಲ್ವಂತೆ!” ಅಂತ ಒಬ್ಬ. ಇಲ್ಲ ಮಾರಾಯ, ನೆಟ್ ಬೇಡ ಅಂತಲೇ ಇದನ್ನು ತಂದದ್ದು!

ಆಗುವುದು ಇಷ್ಟು. ಆಂಡ್ರಾಯ್ಡ್ ಫೋನು ಯಾವುದೇ ವೈಫೈಗೆ ಸೇರಿದ ಕೂಡಲೇ ಗೂಗಲ್‌ನ ಸರ್ವರಿಗೆ ಒಂದು ಪುಟ್ಟ ವಿನಂತಿ ಕಳಿಸುತ್ತದೆ. ‘204’ ಅನ್ನುವ ಖಾಲಿ ಉತ್ತರ ಬಂದರೆ ಸರಿ. ಬರದಿದ್ದರೆ ‘ಇಲ್ಲಿ ಇಂಟರ್ನೆಟ್ ಇಲ್ಲ, ಆದರೂ ಇರಬೇಕೇ?’ ಅಂತ ಕೇಳುತ್ತದೆ. ಮಕ್ಕಳು ಸಹಜವಾಗಿ ‘ಬೇಡ’ ಒತ್ತುತ್ತಾರೆ. ಕೆಲವು ಫೋನು ಕೇಳುವುದೂ ಇಲ್ಲ. ವೈಫೈ ಗುರುತಿನ ಪಕ್ಕ ಸಣ್ಣದೊಂದು ಆಶ್ಚರ್ಯಸೂಚಕ ಹಾಕಿ, ಸದ್ದಿಲ್ಲದೆ ಮೊಬೈಲ್ ಡೇಟಾ ಕಡೆ ಹೊರಳಿ, ಪಕ್ಕದಲ್ಲೇ ಇರುವ ಡಬ್ಬಿಯನ್ನು ಹೊರಗೆಲ್ಲೋ ಹುಡುಕುತ್ತದೆ.

ಡೇಟಾ ಆಫ್ ಮಾಡಿಸಿದೆ, ಎಲ್ಲ ಸರಿಹೋಯಿತು. ಮರುದಿನ ಹುಡುಗನೊಬ್ಬನ ಅಪ್ಪ ಫೋನ್ ಹಿಡಿದು ಬಂದರು: “ನಿಮ್ಮ ಕ್ಲಾಸಿಗೆ ಕಳಿಸಿದಾಗಿಂದ ಇದರಲ್ಲಿ ಏನೂ ಬರ್ತಿಲ್ಲ, ಸರ್.” ಡೇಟಾ ಆನ್ ಮಾಡಲು ಹುಡುಗ ಮರೆತಿದ್ದ. ಏರೋಪ್ಲೇನ್ ಮೋಡ್ ಹಾಕಿಸಿ ವೈಫೈ ಮಾತ್ರ ಆನ್ ಮಾಡಿಸಿದೆ. ಆಗ ಅಮ್ಮಂದಿರ ಕರೆ ಬರಲಿಲ್ಲ, ಹುಡುಕಿಕೊಂಡು ಅವರೇ ಬಂದರು.

ಕೊನೆಗೆ ಡಬ್ಬಿಗೇ ಸುಳ್ಳು ಹೇಳಲು ಕಲಿಸಿದೆ. ಗೂಗಲ್ ವಿಳಾಸ ಕೇಳಿದರೆ ‘ಅದು ನಾನೇ’ ಅನ್ನುವಂತೆ ಡಿಎನ್ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸಿ, 204 ಉತ್ತರವನ್ನೂ ಡಬ್ಬಿಯೇ ಕೊಡುವಂತೆ ಮಾಡಿದೆ. ಹಳೆಯ ಫೋನುಗಳು ನಂಬಿದವು. ಹೊಸವು ಎಚ್‌ಟಿಟಿಪಿಎಸ್ ಅನ್ನುವ ಸುರಕ್ಷಿತ ದಾರಿಯಲ್ಲೂ ಒಮ್ಮೆ ಕೇಳಿ ನೋಡುತ್ತವೆ. ಅಲ್ಲಿ ಗೂಗಲ್‌ನ ಪ್ರಮಾಣಪತ್ರ ಬೇಕು, ನಮ್ಮ ಸುಳ್ಳು ನಡೆಯುವುದಿಲ್ಲ. ಅವಕ್ಕೆ ಗೋಡೆಯ ಮೇಲೆ ‘“ಬೇಡ” ಒತ್ತಬೇಡಿ’ ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಡಿಎನ್ಎಸ್ಸಿಗಿಂತ ಅದೇ ಹೆಚ್ಚು ಕೆಲಸ ಮಾಡಿದೆ ಅನ್ನಿ.

ಮಿಕ್ಕ ತಕರಾರು ಸಣ್ಣವು. ಪೈ 4ಕ್ಕೆ ಗಡಿಯಾರದ ಬ್ಯಾಟರಿ ಇಲ್ಲ, ಆರಿಸಿ ಹೊತ್ತಿಸಿದರೆ ನಿನ್ನೆಯಲ್ಲೇ ಇರುತ್ತದೆ. ಸರಿಯಾಗಿ ಶಟ್‌ಡೌನ್ ಮಾಡದೆ ವೈರ್ ಕಿತ್ತರೆ ಕಾರ್ಡ್ ಕೆಡಬಹುದು. ಒಂದು ಕೆಟ್ಟಿದೆ, ಇನ್ನೊಂದು ನಕಲು ಮಾಡಿ ಇಟ್ಟಿದ್ದೇನೆ. ಅದರೊಳಗಿನ ವೈಫೈ ಅಷ್ಟೊಂದು ಫೋನ್ ತಡೆಯಲಿಲ್ಲ, ಮೂಲೆಗೆಸೆದಿದ್ದ ಹಳೆಯ ರೂಟರ್ ಸಿಕ್ಕಿಸಿದೆ.

ಡಬ್ಬಿ ಯಾಕೆ, ನೇರ ಫೋನಿಗೇ ಕಾರ್ಡ್ ಹಾಕಿ ಕೀವಿಕ್ಸ್ ಅನ್ನುವ ಆ್ಯಪಿನಲ್ಲಿ ನೆಟ್ ಇಲ್ಲದೆಯೇ ವಿಕಿಪೀಡಿಯ ಓದಬಹುದಲ್ಲ ಅನ್ನುವವರಿಗೆ: ಓದಬಹುದು. ಆದರೆ 32 ಜಿಬಿವರೆಗಿನ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್32 ವಿನ್ಯಾಸದಲ್ಲಿ ಬರುತ್ತವೆ, ಅದರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ, ವಿಕಿಪೀಡಿಯದ ದೊಡ್ಡ ಕಡತ ಹಿಡಿಸದು. ಒಬ್ಬರೇ ಓದುವುದಾದರೆ ಚಿಂತೆಯಿಲ್ಲ. ಇಪ್ಪತ್ತು ಕಾರ್ಡಿಗೆ ಕೂತು ನಕಲು ಮಾಡುವಷ್ಟು ಸಹನೆ ನನಗಿಲ್ಲ.

ನಿಮಗೆ ದಿನಾ ಮಾತಾಡುವ ತಾಳ್ಮೆ ಇದ್ದು ಮಕ್ಕಳು ಐದಾರೇ ಇದ್ದರೆ ಫೋನ್ ಕರೆಯೇ ಸಾಕು. ನನಗೆ ಹೇಗೂ ರಾತ್ರಿ ಫೋನ್ ಜೊತೆ ಪವರ್ ಬ್ಯಾಂಕ್ ಚಾರ್ಜಿಗಿಡುವ ಅಭ್ಯಾಸವಿದೆ, ಆ ಐದು ಟ್ಯಾಬ್ಲೆಟ್ಟಿನಲ್ಲಿ ಒಂದರ ದುಡ್ಡಿಗೆ ಡಬ್ಬಿ, ಕಾರ್ಡು ಎರಡೂ ಬಂದವು. ಉಳಿದಿರುವ ಎರಡು ಟ್ಯಾಬ್ಲೆಟ್ಟು ಈಗ ಮನೆಯಿಂದ ಫೋನ್ ತರಲಾಗದವರ ಕೈಯಲ್ಲಿವೆ, ಡಬ್ಬಿಯ ವೈಫೈಗೇ ಸೇರಿಕೊಂಡು. ಒಂದರ ಪಿನ್ನಿನಡಿ ಇನ್ನೂ ಆ ಮಡಿಸಿದ ಹಾಳೆ ಇದೆ.